ಮಲೆನಾಡಿನ ಪಿಸಿಗೆ ಯಾವ ಕೂಲರ್?

ಚಿಕ್ಕಮಗಳೂರಿನ ಹವೆಗೆ, ದಿನಬಳಕೆಗೆ, ಪ್ರೊಸೆಸರಿನ ಬಿಸಿಯನ್ನು ಫ್ಯಾನಿನ ಗಾಳಿಯಿಂದ ಇಳಿಸುವ ಒಳ್ಳೆಯ ಏರ್ ಕೂಲರೇ ಸಾಕು; ಆಗಾಗ ಧೂಳು ತೆಗೆದರೆ ಮುಗಿಯಿತು. ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡುವವರು ಲಿಕ್ವಿಡ್ ಕೂಲಿಂಗ್ (ಪಂಪಿನಿಂದ ದ್ರವ ಹರಿಸಿ ಬಿಸಿ ಹೊರಹಾಕುವುದು) ನೋಡಬಹುದು. ಅದರಲ್ಲಿ ಎರಡು ಬಗೆ: ಎಲ್ಲ ಭಾಗ ಜೋಡಿಸಿಯೇ ಬರುವ ಎಐಒ (ಆಲ್-ಇನ್-ಒನ್), ಬಿಡಿಭಾಗ ತಂದು ನಾವೇ ಜೋಡಿಸುವ ಕಸ್ಟಮ್ ಲೂಪ್. ನನ್ನ ಓಟು ಎಐಒಗೆ.

ಎಐಒ ಕಾರ್ಖಾನೆಯಲ್ಲೇ ದ್ರವ ತುಂಬಿ ಸೀಲ್ ಆಗಿ ಬರುತ್ತದೆ. ದ್ರವದ ಬಿಸಿಯನ್ನು ಗಾಳಿಗೆ ಬಿಡುವ 240 ಮಿ.ಮೀ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಕೂರಿಸಿ. ಪಂಪೇ ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಗಾಳಿಗುಳ್ಳೆ ಅಲ್ಲಿ ಸೇರಿ ಗೊರಗೊರ ಸದ್ದು, ಪಂಪಿನ ಆಯಸ್ಸೂ ಕಡಿಮೆ. ಅದು ಕೆಟ್ಟರೆ ಸಾಮಾನ್ಯವಾಗಿ ಇಡೀ ಸೆಟ್ಟೇ ಬದಲು.

ಕಸ್ಟಮ್ ಲೂಪ್ ನೋಡಲು ಚೆಂದ, ಚಾಕರಿ ಜಾಸ್ತಿ. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಿದರೆ ಲೋಹ ಸವೆಯುತ್ತದೆ. ಮೊದಲು ಪಂಪ್ ಮಾತ್ರ ಓಡಿಸಿ ಸೋರಿಕೆ ನೋಡಬೇಕು, ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಕೂಲಂಟ್ (ಒಳಗಿನ ದ್ರವ) ಬದಲಿಸಬೇಕು. ಬೋರ್‌ವೆಲ್ ನೀರಂತೂ ಬೇಡವೇ ಬೇಡ!

ಮಳೆಗಾಲದಲ್ಲಿ ಪೈಪಿನ ಮೇಲೆ ನೀರು ಹನಿಗಟ್ಟೀತೆಂಬ ಭಯ ಎರಡಕ್ಕೂ ಬೇಕಿಲ್ಲ. ಒಳಗಿನ ದ್ರವ ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ.