ಟಿಐ-84 ಪ್ಲಸ್ ಸಿಇಗೆ ಬೇಸಿಕ್, ಅಸೆಂಬ್ಲಿ, ಸಿ: ನಾನಂತೂ ಸಿ ಕಡೆ

ಇಲ್ಲಿ ಅಮೆರಿಕದಲ್ಲಿ ಮಗಳ ಹೈಸ್ಕೂಲಿಗೆ ಬೇಕು ಅಂತ ಟಿಐ-84 ಪ್ಲಸ್ ಸಿಇ ಅನ್ನುವ ಗ್ರಾಫ್ ಬರೆಯುವ ಕ್ಯಾಲ್ಕುಲೇಟರ್ ಕೊಂಡಿದ್ದೆವು. ಅವಳು ಮಲಗಿದ ಮೇಲೆ ಅದು ನನ್ನದು. ಅದಕ್ಕೆ ಬೇಸಿಕ್, ಅಸೆಂಬ್ಲಿ, ಸಿ ಮೂರೂ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಸಿ.

ಬೇಸಿಕ್‌ಗೆ ಲ್ಯಾಪ್‌ಟಾಪೇ ಬೇಡ. ಅಲ್ಲೇ ಬರೆದು ಅಲ್ಲೇ ಓಡಿಸಬಹುದು, ತಪ್ಪಾದರೆ ‘ಗೋಟು’ ಒತ್ತಿದರೆ ಸಾಕು, ತಪ್ಪಿದ ಜಾಗಕ್ಕೇ ಕರೆದುಕೊಂಡು ಹೋಗುತ್ತದೆ. ಆದರೆ ನಿಧಾನ ಅಂದರೆ ನಿಧಾನ. ಗ್ರಾಫ್ ಪರದೆಯ 265 ಅಡ್ಡ, 165 ಉದ್ದದ ಚುಕ್ಕಿಗಳನ್ನು ಒಂದೊಂದಾಗಿ ತುಂಬಲು ಹೇಳಿ ಕಾಫಿ ಮಾಡಿಕೊಂಡು ಬಂದೆ, ಇನ್ನೂ ಬಳಿಯುತ್ತಲೇ ಇತ್ತು.

ಅಸೆಂಬ್ಲಿ ಅಂದರೆ ಪ್ರೊಸೆಸರಿಗೇ ನೇರವಾಗಿ ಆಜ್ಞೆ ಕೊಡುವ ಭಾಷೆ, ಬಲು ಚುರುಕು. ಆದರೆ ಪುಶ್ ಮಾಡಿದ (ಸ್ಟ್ಯಾಕಿನ ಮೇಲೆ ಇಟ್ಟ) ಎಚ್‌ಎಲ್ ರಿಜಿಸ್ಟರನ್ನು ಪಾಪ್ ಮಾಡದೆ, ಅಂದರೆ ವಾಪಸ್ ತೆಗೆಯದೆ, ರಿಟರ್ನ್ ಕೊಟ್ಟುಬಿಟ್ಟೆ. ಕ್ಯಾಲ್ಕುಲೇಟರ್ ರೀಸೆಟ್ ಆಗಿ ‘ರ್‍ಯಾಮ್ ಕ್ಲಿಯರ್ಡ್’ ಅಂತ ತೋರಿಸಿತು. ಆರ್ಕೈವ್‌ಗೆ, ಅಂದರೆ ರೀಸೆಟ್ ಆದರೂ ಅಳಿಯದ ಮೆಮೊರಿಗೆ, ಹಾಕದಿದ್ದ ಮಗಳ ಪ್ರೋಗ್ರಾಂಗಳೆಲ್ಲ ಗೋವಿಂದ.

ಸಿಗೆ ಸಿಇ ಟೂಲ್‌ಚೈನ್ ಅನ್ನುವ ಕಂಪೈಲರ್ ಕಟ್ಟು ಪುಕ್ಕಟೆ ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ಬರೆದು, ಮೇಕ್ ಆಜ್ಞೆ ಕೊಟ್ಟು ಪ್ರೋಗ್ರಾಂ ಕಟ್ಟಿ, ಸಿಇಮು ಎಮ್ಯುಲೇಟರಿನಲ್ಲಿ (ಲ್ಯಾಪ್‌ಟಾಪಿನೊಳಗಿನ ನಕಲಿ ಕ್ಯಾಲ್ಕುಲೇಟರಿನಲ್ಲಿ) ಓಡಿಸಿ ನೋಡಿ, ಆಮೇಲೆ ಕೇಬಲ್ಲಿನಲ್ಲಿ ಕಳಿಸುವುದು. ಏನಾದರೂ ಕೆಟ್ಟರೆ ಕೆಡುವುದು ಎಮ್ಯುಲೇಟರು.

ನನ್ನ ತಲೆ ತಿಂದದ್ದು ಮಾತ್ರ ಇಂಟ್, ಅಂದರೆ ಸಿಯಲ್ಲಿ ಪೂರ್ಣಾಂಕ ಇಡುವ ಬಗೆ. ಫ್ಯಾಕ್ಟೋರಿಯಲ್ ಬರೆದಿದ್ದೆ. 10ರ ತನಕ ಸರಿ, 3628800. 11ಕ್ಕೆ 39916800 ಬರಬೇಕಾದ ಕಡೆ 6362368 ಬಂತು. ಮೈನಸ್ ಬಂದಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಇದು ನೋಡಲು ಸಾಚಾ ಸಂಖ್ಯೆ ಅಲ್ವಾ! ಅದೇ ಕೋಡ್ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುತ್ತಿತ್ತು. ಎರಡು ರಾತ್ರಿ ಲೂಪನ್ನು ಹಿಂದೆ ಮುಂದೆ ತಿರುಗಿಸಿದೆ, ಕಂಪೈಲರಿಗೆ ಬೈದೆ.

ಕಡೆಗೆ ಹೊಳೆಯಿತು. ಇದರ ಇಝಡ್80 ಪ್ರೊಸೆಸರಿಗೆ ಹೊಂದುವಂತೆ ಇಲ್ಲಿ ಇಂಟ್ ಅಂದರೆ 24 ಬಿಟ್, ಲ್ಯಾಪ್‌ಟಾಪಿನಲ್ಲಿ 32. 8388607 ದಾಟಿದರೆ ಅದರಲ್ಲಿ ಹಿಡಿಯುವುದಿಲ್ಲ. 32 ಬಿಟ್ಟಿನ ಲಾಂಗ್ ಅಂತ ಬದಲಾಯಿಸಿದೆ, ಸರಿಹೋಯಿತು. ನಗು ಬಂದದ್ದು ಏನಕ್ಕೆ ಅಂದರೆ, ಬೇಸಿಕ್‌ನಲ್ಲಿ ಇದೇ ಲೆಕ್ಕ ಮೊದಲ ಸಲಕ್ಕೇ ಸರಿ ಬಂದಿತ್ತು.

ದಶಮಾಂಶ ಸಂಖ್ಯೆ ಇಡುವ ಡಬಲ್ ಕೂಡ ಇಲ್ಲಿ ಬರೀ 32 ಬಿಟ್ಟೇ, ನೆನಪಿರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕ್ಯಾಲ್ಕುಲೇಟರಿನ ಒಎಸ್ (ಆಪರೇಟಿಂಗ್ ಸಿಸ್ಟಂ) ಯಾವ ಆವೃತ್ತಿ ಅಂತ ನೋಡಿ ಕೊಳ್ಳಿ. 2020ರಲ್ಲಿ ಬಂದ 5.5ರಿಂದ ಈಚೆಗೆ ಸಿ, ಅಸೆಂಬ್ಲಿ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ, ಆರ್ಟಿಫೈಸ್‌ನಂಥ ಹಿತ್ತಿಲ ಬಾಗಿಲು ಬೇಕು.

ನನಗೆ ರಾತ್ರಿ ಸಿಗುವುದು ಒಂದು ಗಂಟೆ, ಲ್ಯಾಪ್‌ಟಾಪ್ ಹೇಗೂ ಪಕ್ಕದಲ್ಲೇ ಇರುತ್ತದೆ, ಇನ್ನೂ ಒಂದು ಡಾಲರ್ ಕೂಡ ಹಾಕುವ ಮನಸ್ಸಿಲ್ಲ. ಹಾಗಾಗಿ ಸಿ. ಬಸ್ಸಿನಲ್ಲಿ ಕೂತು ಬರೆಯುವವರು ಸುಮ್ನೆ ಬೇಸಿಕ್ ಹಿಡಿಯಿರಿ.

ಮಗಳು ಈಗ ಕ್ಯಾಲ್ಕುಲೇಟರನ್ನು ನನ್ನ ಕೈಗೆ ಕೊಡುವ ಮೊದಲು, ನನ್ನ ಎದುರಿಗೇ ನಿಂತು, ಎಲ್ಲವನ್ನೂ ಆರ್ಕೈವ್ ಮಾಡುತ್ತಾಳೆ.