ವಿಮಾನದ ಎಂಜಿನ್ ಕೊಳ್ಳುವವರು ನೋಡಿ: "61 ಕೆಜಿ" ಅಂದರೆ ಯಾವ 61 ಅಂತ ಮೊದಲು ಕೇಳಿ

ಮೂರು ವಾರ ಸುಮ್ಮನಿದ್ದೆ. ಬರೆಯೋಕೆ ನಾಚಿಕೆಯಾಗುತ್ತಿತ್ತು. ನಿನ್ನೆ ಕುಮಟಾ ಕಡೆಯ ಹುಡುಗನೊಬ್ಬ ಫೋನ್ ಮಾಡಿ, "ಅಣ್ಣಾ, ಎಂಜಿನ್‌ಗೆ ಒಬ್ಬರು ಪಟ್ಟಿ ಕಳಿಸಿದ್ದಾರೆ, ಒಂದ್ಸಲ ನೋಡ್ತೀರಾ?" ಅಂದ. ಕಳಿಸು ಅಂದೆ. ತೆರೆದು ನೋಡಿದರೆ ನನ್ನನ್ನು ಮೋಸ ಮಾಡಿದ ಅದೇ ಎಂಜಿನ್ ತೂಕದ ಪಟ್ಟಿ. ಅದೇ ಹಳದಿ ಬಣ್ಣದ ಸಾಲು. ಅದೇ 61. ಮೈಯೆಲ್ಲ ಉರಿದುಹೋಯಿತು. ಇನ್ನೂ ಅದನ್ನೇ ಊರೂರಿಗೆ ಕಳಿಸುತ್ತಾ ಇದ್ದಾರೆ ಅಂದಮೇಲೆ ನಾನು ಮರ್ಯಾದೆ ನೋಡಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಿರಸಿ ಹತ್ತಿರದವನು. ಬನವಾಸಿ ರಸ್ತೆ. ಆರು ವರ್ಷದಿಂದ ಮನೆ ಪಕ್ಕದ ಶೆಡ್‌ನಲ್ಲಿ ಎರಡು ಸೀಟಿನ ಸಣ್ಣ ವಿಮಾನ ಕಟ್ಟುತ್ತಿದ್ದೇನೆ. ಅಲ್ಯೂಮಿನಿಯಂ ಹಾಳೆ, ರಿವೆಟ್ಟು, ನಕ್ಷೆ ತರಿಸಿಕೊಂಡು ಒಂದೊಂದೇ ಭಾಗ. ರೆಕ್ಕೆ ಮುಗಿದಿದೆ, ಬಾಲ ಮುಗಿದಿದೆ, ಗಾಲಿಯ ಮೇಲೆ ನಿಂತಿದೆ. ಉಳಿದದ್ದು ಎಂಜಿನ್ ಒಂದೇ.

ಎಲ್ಲರೂ ಹೇಳುವುದು ರೋಟಾಕ್ಸ್ ಹಾಕು ಅಂತ. ನನಗೂ ಗೊತ್ತು. ಬೆಂಗಳೂರಿನ ಎನ್‌ಎಎಲ್‌ನವರು (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ಮಾಡಿದ ಎರಡು ಸೀಟಿನ ಹಂಸ-3 ವಿಮಾನಕ್ಕೂ ರೋಟಾಕ್ಸೇ. ಆದರೆ ಹೊಸ ರೋಟಾಕ್ಸ್ 912 ನನ್ನ ಕೈಗೆ ಎಟುಕುವ ವಸ್ತು ಅಲ್ಲ, ತೋಟದ ಒಂದು ವರ್ಷದ ಬೆಳೆ ಪೂರ್ತಿ ಹಾಕಿದರೂ ಸಾಲುವುದಿಲ್ಲ. ಹಾಗಾಗಿ ಸುಜುಕಿ ಜಿ13 ಹುಡುಕಿದೆ. ಜಿಪ್ಸಿಯಲ್ಲಿ ಬರುತ್ತಿತ್ತಲ್ಲ, ಅದೇ 1.3 ಲೀಟರಿನ ಎಂಜಿನ್. ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ. ಜಿಪ್ಸಿ ಕಿಂಗ್‌ನಲ್ಲಿ 6000 ಆರ್‌ಪಿಎಂನಲ್ಲಿ 80 ಅಶ್ವಶಕ್ತಿ ಕೊಡುತ್ತಿತ್ತು. ಪ್ರೊಪೆಲ್ಲರ್ ಅಷ್ಟು ಜೋರಾಗಿ ತಿರುಗುವ ಹಾಗಿಲ್ಲ, ಅದಕ್ಕೆ ನಡುವೆ ವೇಗ ಇಳಿಸುವ ರಿಡಕ್ಷನ್ ಡ್ರೈವ್ ಬೇಕು. ಹೊರದೇಶಗಳಲ್ಲಿ ಹೀಗೆ ಮಾಡಿ ಹಾರಿಸಿದವರು ಇದ್ದಾರೆ. ಎಂಜಿನ್ ಕೆಟ್ಟದ್ದು ಅಂತ ನಾನು ಹೇಳುತ್ತಲೇ ಇಲ್ಲ. ಇದು ನೆನಪಿಡಿ. ನನ್ನ ಜಗಳ ಎಂಜಿನ್ ಜೊತೆ ಅಲ್ಲ, ತೂಕ ಹೇಳಿದವರ ಜೊತೆ.

ಮಾರಿದವರು ದೊಡ್ಡ ಊರಿನವರು. ಹೆಸರು ಹಾಕುವುದಿಲ್ಲ. ಫೋನ್‌ನಲ್ಲಿ ಬಹಳ ವಿನಯ. "ಸರ್, ಸರ್" ಅಂತ ಮಾತಿಗೆ ಮೊದಲೂ ಕೊನೆಗೂ. ಒಂದು ಪಟ್ಟಿ ಕಳಿಸಿದರು. ಮೂರು ಸಾಲು. ರೋಟಾಕ್ಸ್ 912 ಯುಎಲ್‌ಎಸ್, 76 ಕೆಜಿ. ಜಬಿರು 2200, 63 ಕೆಜಿ. ಅದರ ಕೆಳಗೆ ಹಳದಿ ಬಣ್ಣ ಬಳಿದು, ನಮ್ಮ ಎಂಜಿನ್, 61 ಕೆಜಿ. ಮೇಲೆ ಶೀರ್ಷಿಕೆ ಒಂದೇ: "ಎಂಜಿನ್ ತೂಕ".

ನೋಡಿ ಖುಷಿಯಾಯಿತು. ರೋಟಾಕ್ಸ್‌ಗಿಂತ ಹದಿನೈದು ಕೆಜಿ ಕಡಿಮೆ! ನನ್ನ ಲೆಕ್ಕದಲ್ಲಿ ಮೂತಿಗೆ 75 ಕೆಜಿ ಹಿಡಿದಿದ್ದೆ. 61 ಅಂದರೆ ಇನ್ನೂ ಜಾಗ ಇದೆ ಅಂದುಕೊಂಡೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯನಿಗೆ ಪಟ್ಟಿ ತೋರಿಸಿದೆ. ಅಪ್ಪಯ್ಯನಿಗೆ ಎಂಜಿನ್ ಗೊತ್ತಿಲ್ಲ. ಆದರೆ ಐವತ್ತು ವರ್ಷ ಅಡಿಕೆ ತೂಗಿಸಿದವರು. ಕನ್ನಡಕ ಹಾಕಿಕೊಂಡು ನೋಡಿ ಒಂದೇ ಮಾತು ಕೇಳಿದರು. "ಇದು ಚೀಲ ಕಳೆದ ತೂಕವೋ, ಚೀಲ ಸೇರಿದ್ದೋ?" ನಾನು, ಅಪ್ಪಯ್ಯ ಇದು ಅಡಿಕೆ ಅಲ್ಲ ಅಂದೆ. ಅವರು ಮುಂದೆ ಮಾತಾಡಲಿಲ್ಲ. ಈಗ ಆ ಪ್ರಶ್ನೆ ದಿನಕ್ಕೆ ಹತ್ತು ಸಲ ನೆನಪಾಗುತ್ತದೆ.

ಒಟ್ಟು 3,20,000 ರೂಪಾಯಿಗೆ ಮಾತಾಯಿತು. 2,80,000 ಮೊದಲೇ ಹಾಕಿದೆ. ಹಣ ಹಾಕಿದ ಮಾರನೇ ದಿನ ಅಕ್ಕನ ಮಗನನ್ನು ಕರೆದುಕೊಂಡು ಕಾರವಾರಕ್ಕೆ ಹೋಗಿದ್ದೆ. ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ 142 ವಿಮಾನ ಇಟ್ಟಿದ್ದಾರಲ್ಲ, ಅದನ್ನು ತೋರಿಸೋಕೆ. ನಾಲ್ಕು ಎಂಜಿನ್, ಒಂದೊಂದರ ಮುಂದೆ ಎರಡೆರಡು ಪ್ರೊಪೆಲ್ಲರ್. ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ಮಾವ, ನಮ್ಮ ಎಂಜಿನ್ ಎಷ್ಟು ತೂಕ?" ಅಂತ ಕೇಳಿದ. 61 ಕೆಜಿ ಅಂದೆ. ಜೋರಾಗಿಯೇ ಹೇಳಿದೆ, ಪಕ್ಕದವರಿಗೂ ಕೇಳಲಿ ಅಂತ.

ಹತ್ತು ದಿನಕ್ಕೆ ಲಾರಿಯಲ್ಲಿ ಬಂತು. ಮರದ ಪೆಟ್ಟಿಗೆ ಒಂದು, ರಟ್ಟಿನ ಪೆಟ್ಟಿಗೆ ಮೂರು. ಇಳಿಸುವಾಗಲೇ ಏನೋ ಅನುಮಾನ. ನಾಲ್ಕು ಜನ ಹಿಡಿದರೂ ಉಸಿರು ಬಿಡುತ್ತಿದ್ದರು. ಪೆಟ್ಟಿಗೆ ಮರ ಭಾರ ಇರಬೇಕು ಅಂದುಕೊಂಡೆ. ಆದರೂ ಮನಸ್ಸು ತಡೆಯಲಿಲ್ಲ. ಎಲ್ಲ ಬಿಚ್ಚಿ, ಪೆಟ್ಟಿಗೆ ಬಿಟ್ಟು, ಬರೀ ಸಾಮಾನು ಪಿಕಪ್‌ಗೆ ಹಾಕಿಕೊಂಡು ಶಿರಸಿಯಲ್ಲಿ ಪರಿಚಯದವರ ಅಡಿಕೆ ವಖಾರಿಗೆ ಹೋದೆ. ಸೀಲು ಹಾಕಿದ ಎಲೆಕ್ಟ್ರಾನಿಕ್ ಕಾಟಾ ಅವರದ್ದು.

ಮೊದಲು ಎಂಜಿನ್ ಒಂದನ್ನೇ ಇಟ್ಟೆವು. 61.2. ಸರಿಯಾಗಿದೆಯಲ್ಲ ಅಂತ ಸಮಾಧಾನ ಆಯಿತು. ಆಮೇಲೆ ಒಂದೊಂದೇ ಇಡುತ್ತಾ ಹೋದೆ. ರಿಡಕ್ಷನ್ ಡ್ರೈವ್ ಇಟ್ಟ ಕೂಡಲೇ 72.6. ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್, 76.2. ಸ್ಟಾರ್ಟರ್, ಆಲ್ಟರ್ನೇಟರ್, 83.3. ಸೈಲೆನ್ಸರ್ ಇಟ್ಟೆ, 88.6. ರೇಡಿಯೇಟರ್, ಪೈಪು, 92.4. ಎಂಜಿನ್ ಮೌಂಟ್, ಅಂದರೆ ಎಂಜಿನ್ ಕೂರಿಸುವ ಚೌಕಟ್ಟು ಇಟ್ಟೆ, 96.8. ಇನ್ನು ಕೂಲಂಟ್ ಮತ್ತು ಆಯಿಲ್ ಕ್ಯಾನಿನಲ್ಲಿ ಬೇರೆ ತಂದಿದ್ದೆ, ಅವನ್ನೂ ಅಳೆದು ಸೇರಿಸಿದರೆ 104.

104 ಕೆಜಿ. ಪ್ರೊಪೆಲ್ಲರ್ ಇಲ್ಲದೆ.

ಪಕ್ಕದಲ್ಲಿ ಚಾಲಿ ಚೀಲ ಹೊಲಿಯುತ್ತಿದ್ದ ಹಮಾಲಿ ತಲೆ ಎತ್ತಿ ನೋಡಿ, "ಕ್ವಿಂಟಲ್ ಮೇಲೆ ನಾಲ್ಕಾಯ್ತು ನೋಡಿ ಹೆಗಡೇರೇ" ಅಂದ. ಅವನಿಗೆ ಅದು ಬರೀ ಲೆಕ್ಕ. ನಾನು ಅಲ್ಲೇ ಚೀಲದ ಮೇಲೆ ಕೂತುಬಿಟ್ಟೆ. ಆರು ವರ್ಷದ ಕೆಲಸ ಕಣ್ಣ ಮುಂದೆ ಬಂತು. ಅಲ್ಲಿ ಹತ್ತು ಜನ ಇದ್ದರು. ಏನಾಯ್ತು ಏನಾಯ್ತು ಅಂತ ಕೇಳುತ್ತಿದ್ದರು. ಹೇಳೋಕೆ ಬಾಯಿ ಬರಲಿಲ್ಲ.

ಮನೆಗೆ ಬಂದು ಪಟ್ಟಿಯನ್ನು ಮತ್ತೆ ನೋಡಿದೆ. ಆಗ ಅರ್ಥವಾಯಿತು. ಮೂರು ಸಾಲು, ಮೂರು ಬೇರೆ ಬೇರೆ ತೂಕ. ರೋಟಾಕ್ಸ್ ಕಂಪನಿ ತನ್ನ ಬರೀ ಎಂಜಿನ್, ಗೇರ್‌ಬಾಕ್ಸ್ ಸೇರಿಸಿ, ಸುಮಾರು 57 ಕೆಜಿ ಅನ್ನುತ್ತದೆ. ಇವರು ಅದಕ್ಕೆ ಸೈಲೆನ್ಸರ್, ರೇಡಿಯೇಟರ್, ಆಯಿಲ್ ಟ್ಯಾಂಕ್, ಒಳಗಿನ ನೀರು, ಎಲ್ಲ ಸೇರಿಸಿ 76 ಮಾಡಿದ್ದಾರೆ. ಜಬಿರು ಕಂಪನಿ ಹೇಳುವ 62.8 ಕೆಜಿಯಲ್ಲಿ ಸೈಲೆನ್ಸರ್, ಕಾರ್ಬ್ಯುರೇಟರ್, ಸ್ಟಾರ್ಟರ್, ಆಲ್ಟರ್ನೇಟರ್ ಎಲ್ಲ ಬಂತು. ಅದು ಗಾಳಿಗೇ ತಣಿಯುವ ಎಂಜಿನ್, ರೇಡಿಯೇಟರೇ ಬೇಡ. ಪ್ರೊಪೆಲ್ಲರ್ ನೇರ ಅದಕ್ಕೇ ಕೂರುತ್ತದೆ, ರಿಡಕ್ಷನ್ ಡ್ರೈವೂ ಬೇಡ. ಇವರದ್ದು ಮಾತ್ರ ಬೆತ್ತಲೆ ಬ್ಲಾಕು ಮತ್ತು ಹೆಡ್ಡು. ಪ್ರೊಪೆಲ್ಲರ್ ತಿರುಗಿಸೋಕೂ ಆಗದ, ಸ್ಟಾರ್ಟ್ ಮಾಡೋಕೂ ಆಗದ ಕಬ್ಬಿಣ-ಅಲ್ಯೂಮಿನಿಯಂ ಗಂಟು. ಅದರ ತೂಕ 61. ಸುಳ್ಳು ಅಂಕಿ ಒಂದೂ ಇಲ್ಲ. ಆದರೂ ಪೂರ್ತಿ ಮೋಸ. ಒಂದೇ ಅಳತೆಯಲ್ಲಿ ಹೇಳಿದ್ದರೆ ರೋಟಾಕ್ಸ್ 57, ಇವರದ್ದು ಡ್ರೈವ್ ಸೇರಿ 72 ಮೇಲೆ ಅಂತ ಬರೆಯಬೇಕಿತ್ತು. ಬರೆದಿದ್ದರೆ ನಾನು ಕೊಳ್ಳುತ್ತಲೇ ಇರಲಿಲ್ಲ.

ಕಾಟಾ ಚೀಟಿಯ ಫೋಟೋ ಕಳಿಸಿದೆ. ಬಂದ ಉತ್ತರ: "ಸರ್, ಬಾಕಿ 40,000 ಯಾವಾಗ ಹಾಕ್ತೀರಿ?"

104 ಬಂದಿದೆ, ನೋಡಿದ್ರಾ ಅಂದೆ. "ಸರ್, ನಾವು ಎಂಜಿನ್ ತೂಕ 61 ಅಂತ ಹೇಳಿದ್ದು. 61 ಇದೆಯಲ್ಲ. ರೇಡಿಯೇಟರ್ ಎಂಜಿನ್ ಆಗುತ್ತಾ ಸರ್?" ಹಾಗಾದರೆ ರೋಟಾಕ್ಸ್ ಸಾಲಿನಲ್ಲಿ ರೇಡಿಯೇಟರ್ ಯಾಕೆ ಸೇರಿಸಿದ್ರಿ ಅಂತ ಕೇಳಿದೆ. ಅರ್ಧ ಗಂಟೆ ಸುಮ್ಮನಿದ್ದು, "ಅದು ಅವರ ಲೆಕ್ಕ ಸರ್, ನಮ್ಮದಲ್ಲ" ಅಂದರು. ಪಟ್ಟಿ ಮಾಡಿದ್ದು ಯಾರು? ಉತ್ತರ ಇಲ್ಲ. ಪಟ್ಟಿ ಮಾಡಿದ್ದು ಯಾರು ಅಂತ ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಉತ್ತರ ಇಲ್ಲ.

ಆಮೇಲೆ ಬಂತು ನೋಡಿ ಒಂದು ಮಾತು. "ಸರ್, ಅಡಿಕೆ ತೂಗೋ ಕಾಟಾದಲ್ಲಿ ವಿಮಾನದ ಎಂಜಿನ್ ತೂಗಬಾರದು." ಇದನ್ನು ಓದಿ ಕೈ ನಡುಗಿತು. ಈ ತಾಲೂಕಿನ ಅರ್ಧ ಮನೆಗಳು ಆ ಕಾಟಾದ ಮೇಲೆ ಬದುಕುತ್ತವೆ. ಅದರಲ್ಲಿ ಕಾಲು ಕೆಜಿ ಹೆಚ್ಚುಕಮ್ಮಿ ಆದರೆ ಇಲ್ಲಿ ಯಾರೂ ಬಿಡುವುದಿಲ್ಲ. ಮತ್ತೆ ಅದೇ ಕಾಟಾ ಬರೀ ಎಂಜಿನ್‌ಗೆ 61.2 ತೋರಿಸಿದಾಗ ಸರಿ, 104 ತೋರಿಸಿದಾಗ ತಪ್ಪಾ?

ಕೊನೆಗೆ ಸಲಹೆ ಬೇರೆ ಕೊಟ್ಟರು. "ಹಿಂದೆ ಬಾಲಕ್ಕೆ ಸ್ವಲ್ಪ ಸೀಸ ಕಟ್ಟಿ, ಎಲ್ಲರೂ ಹಾಗೇ ಮಾಡ್ತಾರೆ. ಪೆಟ್ರೋಲ್ ಸ್ವಲ್ಪ ಕಡಿಮೆ ಹಾಕಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಯಾಕೆ ಸಣ್ಣ ಮಾತಲ್ಲ ಅಂತ. ನಾನು ಹಿಡಿದದ್ದು 75, ಬಂದದ್ದು 104. 29 ಕೆಜಿ ಜಾಸ್ತಿ, ಅದೂ ಮೂತಿಯಲ್ಲಿ. ತೂಕ ನಿಲ್ಲಬೇಕಾದ ಬಿಂದುವಿನಿಂದ ನನ್ನ ಎಂಜಿನ್ ಸುಮಾರು 1.1 ಮೀಟರ್ ಮುಂದಿದೆ. ಬಾಲ 3.5 ಮೀಟರ್ ಹಿಂದಿದೆ. 29ನ್ನು 1.1ರಿಂದ ಗುಣಿಸಿ 3.5ರಿಂದ ಭಾಗಿಸಿ. 9 ಕೆಜಿ ಸೀಸ. ಅಂದರೆ 29ರ ಮೇಲೆ ಇನ್ನೂ 9, ಒಟ್ಟು 38 ಕೆಜಿ. ಬ್ಯಾಟರಿಯನ್ನು ಹಿಂದಕ್ಕೆ ಒಯ್ದರೆ ಸೀಸ ಸ್ವಲ್ಪ ಕಡಿಮೆ ಆಗಬಹುದು, ಅಷ್ಟೇ. ಸೀಸ ಕಟ್ಟದೆ ಬಿಟ್ಟರೆ ಮೂತಿ ಭಾರವಾಗಿ, ಇಳಿಯುವಾಗ ಹಾರಿಸುವವನು ಕೈಯಲ್ಲಿ ಹಿಡಿಯುವ ಕಂಟ್ರೋಲ್ ಕಡ್ಡಿ ಪೂರ್ತಿ ಎಳೆದರೂ ಮೂತಿ ಏಳುವುದಿಲ್ಲ, ಮುಂದಿನ ಗಾಲಿ ನೆಲಕ್ಕೆ ಹೊಡೆಯುತ್ತದೆ. ಜೀವದ ಮಾತು ಇದು.

ನನ್ನ ವಿಮಾನದ ಒಟ್ಟು ಮಿತಿ 450 ಕೆಜಿ. ಖಾಲಿ ತೂಕ 268 ಅಂತ ಲೆಕ್ಕ ಹಾಕಿದ್ದೆ, ಈಗ 306. ನಾನು 78, ಅಕ್ಕನ ಮಗ 64. ಉಳಿದದ್ದು 2 ಕೆಜಿ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. 2 ಕೆಜಿಗೆ ಮೂರು ಲೀಟರೂ ಬರುವುದಿಲ್ಲ. ಮೊದಲಿನ ಲೆಕ್ಕದಲ್ಲಿ 55 ಲೀಟರ್ ಹಾಕಬಹುದಿತ್ತು. ಇವರು ಪೆಟ್ರೋಲ್ ಕಡಿಮೆ ಹಾಕಿ ಅನ್ನುತ್ತಾರೆ! ಹುಡುಗನನ್ನು ಕೆಳಗೆ ಬಿಟ್ಟು ನಾನೊಬ್ಬನೇ ಹಾರಬೇಕು. ಅವನು ಎಂಟನೇ ಕ್ಲಾಸಿನಿಂದ ನನ್ನ ಜೊತೆ ರಿವೆಟ್ ಹೊಡೆದಿದ್ದಾನೆ.

ಇದನ್ನೇ ಫೋನ್ ಮಾಡಿ ಹೇಳೋಣ ಅಂತ ನೋಡಿದರೆ ನಂಬರ್ ಬ್ಲಾಕ್ ಆಗಿತ್ತು. ಬೇರೆ ನಂಬರಿನಿಂದ ಮಾಡಿದೆ. ನನ್ನ ದನಿ ಕೇಳಿದ ಕೂಡಲೇ "ನೀವು ಕೇಳಲಿಲ್ಲ, ನಾವು ಹೇಳಲಿಲ್ಲ ಸರ್" ಅಂತ ಹೇಳಿ ಇಟ್ಟರು.

ಅಲ್ಲಿ ಮಾತ್ರ ಅವರು ಹೇಳಿದ್ದು ನಿಜ. ನಾನು ಕೇಳಲಿಲ್ಲ. ಅಪ್ಪಯ್ಯ ಕೇಳಿದ್ದರು.

ಹಾಗಾಗಿ ಎಂಜಿನ್ ನೋಡುತ್ತಿರುವವರು ದಯವಿಟ್ಟು ಇಷ್ಟು ಮಾಡಿ. ತೂಕ ಹೇಳಿದವರ ಹತ್ತಿರ ಏನೇನು ಸೇರಿ ಅಂತ ಬರೆಸಿಕೊಳ್ಳಿ. ಫೋನ್‌ನಲ್ಲಿ ಅಲ್ಲ, ಬರೆದು. ಡ್ರೈವ್ ಇದೆಯಾ, ಸ್ಟಾರ್ಟರ್ ಇದೆಯಾ, ಸೈಲೆನ್ಸರ್, ರೇಡಿಯೇಟರ್, ಮೌಂಟ್, ಆಯಿಲ್, ಕೂಲಂಟ್. ಒಣ ತೂಕ ಅಂದರೆ ಒಳಗೆ ಆಯಿಲ್, ಕೂಲಂಟ್ ಇಲ್ಲದ ತೂಕ, ಅದರಲ್ಲೇ ಏಳೆಂಟು ಕೆಜಿ ಹೋಗುತ್ತದೆ. ಎರಡು ಎಂಜಿನ್ ಹೋಲಿಸುವುದಾದರೆ ಫೈರ್‌ವಾಲ್‌ನಿಂದ (ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ಮುಂದಿರುವ ಎಲ್ಲವನ್ನೂ ಎರಡಕ್ಕೂ ಸೇರಿಸಿ ಹೋಲಿಸಿ. ಸಾಧ್ಯವಾದರೆ ಹೋಗಿ ಕಣ್ಣೆದುರು ಕಾಟಾಕ್ಕೆ ಇಡಿಸಿ, ಆಮೇಲೆ ದುಡ್ಡು. ಇಡೋದಿಲ್ಲ ಅಂದರೆ ವಾಪಸ್ ಬನ್ನಿ.

ಎಂಜಿನ್ ಈಗ ಕೊಟ್ಟಿಗೆಯಲ್ಲಿ ತಾಡಪತ್ರಿ ಹೊದ್ದು ಕೂತಿದೆ. ಬಾಕಿ 40,000 ನಾನು ಕೊಡುವುದಿಲ್ಲ. ಕುಮಟಾದ ಹುಡುಗ ಇನ್ನೂ ದುಡ್ಡು ಹಾಕಿರಲಿಲ್ಲ, ಅದೊಂದು ಸಮಾಧಾನ. ಹೊನ್ನಾವರ, ಅಂಕೋಲಾ, ಯಲ್ಲಾಪುರ ಕಡೆ ಬೇರೆ ಯಾರಿಗಾದರೂ ಆ ಹಳದಿ ಸಾಲಿನ ಪಟ್ಟಿ ಬಂದಿದ್ದರೆ ಅಳಿಸಬೇಡಿ. ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ನನಗೆ ಹೇಳಿ. ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಕಾಟಾ ಚೀಟಿಯ ಜೊತೆ ಅದನ್ನೂ ಇಡುತ್ತೇನೆ.