ರೇಡಿಯೊಗೆ ಪ್ಯಾಕೆಟ್ ದಾಟಿಸುವ ಮೂರು ದಾರಿ: ಕಿಸ್, ಎಕ್ಸ್‌ಬೀ ಎಪಿಐ, ಕಾಬ್ಸ್

ಯುಎಆರ್‌ಟಿ (ಎರಡು ಚಿಪ್‌ಗಳ ನಡುವಿನ ಸರಳ ಸೀರಿಯಲ್ ಸಂಪರ್ಕ) ತಂತಿಗೆ ಗೊತ್ತಿರುವುದು ಬೈಟ್ ಮಾತ್ರ. ಪ್ಯಾಕೆಟ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಹೋಸ್ಟ್ (ರೇಡಿಯೊವನ್ನು ನಡೆಸುವ ಕಂಪ್ಯೂಟರ್ ಅಥವಾ ಮೈಕ್ರೊಕಂಟ್ರೋಲರ್) ಮತ್ತು ರೇಡಿಯೊ ಮೊದಲೇ ಮಾತಾಡಿಕೊಂಡಿರಬೇಕು. ಮೂರು ಕ್ರಮಗಳನ್ನೂ ಒಂದೇ ರೀತಿ ಪರೀಕ್ಷಿಸಿದೆವು: 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್), 8ಎನ್1 (ಪ್ರತಿ ಬೈಟ್‌ಗೆ ತಂತಿಯಲ್ಲಿ 10 ಬಿಟ್), 100 ಬೈಟ್ ಪೇಲೋಡ್ (ಕಳಿಸಬೇಕಾದ ನಿಜವಾದ ಡೇಟಾ), ಸಾಗಾಟದ ನಡುವೆಯೇ ಆರ್‌ಎಕ್ಸ್ (ಸ್ವೀಕರಿಸುವ) ತಂತಿ ಕಿತ್ತು ಮತ್ತೆ ಜೋಡಿಸುವುದು. ವೇಗಕ್ಕಿಂತ, ಒಂದು ಬೈಟ್ ಕಳೆದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದೇ ನಿಜವಾದ ಅಳತೆ. ಬೈಟ್‌ಗಳ ಬೆಲೆ ಎಲ್ಲ ಕಡೆ ದಶಮಾಂಶದಲ್ಲಿದೆ.

ಕಿಸ್ 1987ರಷ್ಟು ಹಳೆಯದು, ಹ್ಯಾಮ್ ರೇಡಿಯೊ ಟಿಎನ್‌ಸಿಗಳ (ಕಂಪ್ಯೂಟರ್ ಮತ್ತು ರೇಡಿಯೊ ನಡುವಿನ ಮೋಡೆಮ್‌ಗಳ) ಭಾಷೆ. ಫ್ರೇಮ್‌ನ (ತಂತಿಯಲ್ಲಿ ಹೋಗುವ ಗುರುತು ಹಾಕಿದ ಪ್ಯಾಕೆಟ್‌ನ) ಎರಡೂ ತುದಿಗೆ 192. ಡೇಟಾದೊಳಗೆ 192 ಬಂದರೆ 219, 220 ಎಂದೂ, 219 ಬಂದರೆ 219, 221 ಎಂದೂ ಕಳಿಸಬೇಕು; ಹೀಗೆ ಬದಲಿಸಿ ಕಳಿಸುವುದೇ ಎಸ್ಕೇಪ್. ಮೊದಲ ಬೈಟ್‌ನ ಕೆಳಗಿನ ನಾಲ್ಕು ಬಿಟ್ ಕಮಾಂಡ್, ಮೇಲಿನ ನಾಲ್ಕು ಪೋರ್ಟ್. ಟಿಎಕ್ಸ್ ಡಿಲೇ (ಪ್ರಸಾರ ಶುರುವಾಗಿ ಡೇಟಾ ಹೋಗುವ ಮುಂಚಿನ ಕಾಯುವಿಕೆ) 10 ಮಿಲಿಸೆಕೆಂಡ್ ಲೆಕ್ಕದಲ್ಲಿದೆ: 50 ಎಂದು ಬರೆದರೆ ಅರ್ಧ ಸೆಕೆಂಡ್. ಬೈಟ್ ಕಳೆದರೂ ಮುಂದಿನ 192ಕ್ಕೆ ಸರಿಹೋಗುತ್ತದೆ, ಅದು ಇದರ ದೊಡ್ಡ ಗುಣ. ಕೊರತೆ ಎರಡು. ಪೇಲೋಡ್ ಪೂರ್ತಿ 192 ಆಗಿದ್ದರೆ 100 ಬೈಟ್ 203 ಆಗುತ್ತದೆ, ಅಂದರೆ 17.6 ಮಿಲಿಸೆಕೆಂಡ್. ಅದಕ್ಕಿಂತ ಗಂಭೀರವಾದದ್ದು, ಸೀರಿಯಲ್ ಭಾಗಕ್ಕೆ ಚೆಕ್‌ಸಮ್ಮೇ (ಡೇಟಾ ಕೆಟ್ಟಿದೆಯೇ ಎಂದು ನೋಡುವ ಲೆಕ್ಕ) ಇಲ್ಲ. ಗಾಳಿಯಲ್ಲಿ ಬಂದ ಪ್ಯಾಕೆಟ್ಟನ್ನು ಟಿಎನ್‌ಸಿ ಪರೀಕ್ಷಿಸಿಯೇ ಕೊಡುತ್ತದೆ. ಆಮೇಲೆ ತಂತಿಯಲ್ಲಿ ಕೆಟ್ಟರೆ ಹೋಸ್ಟ್‌ಗೆ ತಿಳಿಯುವುದಿಲ್ಲ. ಉದ್ದ ಕೇಬಲ್ ಇದ್ದಲ್ಲಿ ಮೇಲಿನ ಪದರದಲ್ಲಿ ನಿಮ್ಮದೇ ಸಿಆರ್‌ಸಿ (ಚೆಕ್‌ಸಮ್‌ಗಿಂತ ಬಲವಾದ ದೋಷ ಪರೀಕ್ಷೆ) ಸೇರಿಸಿ.

ಎಕ್ಸ್‌ಬೀ ಎಂಬ ರೇಡಿಯೊ ಮಾಡ್ಯೂಲ್‌ಗಳ ಎಪಿಐ ಫ್ರೇಮ್ 126ರಿಂದ ಶುರು, ನಂತರ ಎರಡು ಬೈಟ್ ಉದ್ದ, ಡೇಟಾ, ಕೊನೆಗೆ ಚೆಕ್‌ಸಮ್. ಡಿಎಲ್ (ತಲುಪಬೇಕಾದ ವಿಳಾಸದ ಕೆಳಭಾಗ) ಕೇಳುವ ಫ್ರೇಮ್ ಹೀಗಿದೆ: 126 0 4 8 1 68 76 102. ಉದ್ದದ ನಂತರದ ನಾಲ್ಕು ಬೈಟ್ ಕೂಡಿದರೆ 153. 255ರಿಂದ ಕಳೆದರೆ 102. ಎಸ್ಕೇಪ್ ಇಲ್ಲದ ಮೋಡ್ 1ರ ಅಪಾಯ ಉದ್ದದ ಬೈಟ್‌ನಲ್ಲಿದೆ. ಹೋಸ್ಟ್‌ಗೆ ಬರುವ 100 ಬೈಟ್ ಪೇಲೋಡ್‌ನ ಫ್ರೇಮ್‌ನಲ್ಲಿ ವಿಳಾಸ ಇತ್ಯಾದಿ ಸೇರಿ ಉದ್ದ 112, ಒಟ್ಟು 116 ಬೈಟ್. ಉದ್ದದ ಮೇಲಿನ ಬೈಟ್‌ನ ಒಂದೇ ಬಿಟ್ ತಿರುಗಿ 368 ಆದರೆ, ಪಾರ್ಸರ್ (ಫ್ರೇಮ್ ಬಿಡಿಸಿ ಓದುವ ಕೋಡ್) ಮುಂದಿನ ಎರಡು ಒಳ್ಳೆಯ ಫ್ರೇಮ್‌ಗಳನ್ನು ನುಂಗಿ ಮೂರನೆಯದರ 24 ಬೈಟ್ ಕಚ್ಚಿದ ಮೇಲೆಯೇ ನಿಲ್ಲುತ್ತದೆ. ಉದ್ದಕ್ಕೆ ಮಿತಿ, ಬೈಟ್‌ಗಳ ನಡುವೆ ಟೈಮ್‌ಔಟ್, ಎರಡನ್ನೂ ಹಾಕಲೇಬೇಕು. ಮೋಡ್ 2ರಲ್ಲಿ 126, 125, 17, 19 ಈ ನಾಲ್ಕು ಎಸ್ಕೇಪ್ ಆಗುತ್ತವೆ: ಮೊದಲು 125, ನಂತರ ಮೂಲ ಬೈಟ್‌ಗೆ 32 ಎಕ್ಸಾರ್ (ಬಿಟ್ ತಿರುಗಿಸುವ ಕ್ರಿಯೆ). ಆಗ ನಡುವೆ ಬರಿಯ 126 ಕಂಡರೆ ಅದು ಹೊಸ ಫ್ರೇಮೇ. ಇಲ್ಲಿ ಜನ ಎಡವುವುದು ಎಲ್ಲಿ ಎಂದರೆ, ಉದ್ದ ಮತ್ತು ಚೆಕ್‌ಸಮ್ ಲೆಕ್ಕ ಎಸ್ಕೇಪ್ ಮಾಡುವ ಮುಂಚಿನ ಬೈಟ್‌ಗಳದ್ದು. ಚೆಕ್‌ಸಮ್ಮೇ 17 ಬಂದರೆ ಅದೂ 125, 49 ಆಗಿ ಹೋಗಬೇಕು. ಈ ಚೆಕ್‌ಸಮ್ ಬರೀ ಕೂಡಿಕೆಯಾದ್ದರಿಂದ ಅದಲುಬದಲಾದ ಬೈಟ್‌ಗಳನ್ನು ಹಿಡಿಯುವುದಿಲ್ಲ. ಆದರೆ ಕಿಸ್‌ನಲ್ಲಿಲ್ಲದ ಒಂದು ಇಲ್ಲಿದೆ: ಪ್ಯಾಕೆಟ್ ತಲುಪಿತೋ ಇಲ್ಲವೋ ಎಂದು ಹೇಳುವ ಸ್ಟೇಟಸ್ ಫ್ರೇಮ್. ಫ್ರೇಮ್ ಐಡಿ 0 ಕೊಟ್ಟರೆ ಅದು ಬರುವುದೇ ಇಲ್ಲ.

ರೇಡಿಯೊ ಬದಿಯ ಫರ್ಮ್‌ವೇರ್ ನಿಮ್ಮದೇ ಆಗಿದ್ದರೆ ಕಾಬ್ಸ್ ಮತ್ತು ಸಿಆರ್‌ಸಿ-16 ಜೋಡಿಯೇ ನಮ್ಮ ಆಯ್ಕೆ. ಡೇಟಾದಲ್ಲಿನ ಸೊನ್ನೆಗಳನ್ನು ತೆಗೆದು, ಮುಂದಿನ ಸೊನ್ನೆ ಎಷ್ಟು ದೂರ ಎಂಬ ಸಂಖ್ಯೆ ಇಡುತ್ತದೆ: 17 34 0 51 ಎಂಬುದು 3 17 34 2 51 ಆಗಿ, ಕೊನೆಗೊಂದು 0. ಪೇಲೋಡ್ ಏನೇ ಇರಲಿ, 100 ಬೈಟ್ ಸಿಆರ್‌ಸಿ ಸೇರಿ 104 ಬೈಟ್, 9 ಮಿಲಿಸೆಕೆಂಡ್. ಎಸ್ಕೇಪ್ ಕ್ರಮಗಳಲ್ಲಿ ಇಷ್ಟು ಖಚಿತವಾಗಿ ಸಮಯ ಹೇಳಲಾಗದು; ಟೈಮ್‌ಸ್ಲಾಟ್ ಹಂಚಿಕೊಳ್ಳುವ ರೇಡಿಯೊಗೆ ಇದು ತುಂಬಾ ಮುಖ್ಯ. ತೊಂದರೆಯೆಂದರೆ ಲಾಜಿಕ್ ಅನಲೈಜರ್‌ನಲ್ಲಿ ಕಣ್ಣಿಂದ ಓದಲು ಕಷ್ಟ, ಕಳಿಸುವ ಮೊದಲು 254 ಬೈಟ್‌ವರೆಗೆ ಮುಂದೆ ನೋಡುವ ಬಫರ್ ಬೇಕು. ಬೋರ್ಡ್ ಆನ್ ಆದಾಗಿನ ಕಸ ಮೊದಲ ಫ್ರೇಮ್‌ಗೆ ಅಂಟದಂತೆ ಒಂದು 0 ಮುಂಚೆಯೇ ಕಳಿಸಿ. ಖಾಲಿ ಫ್ರೇಮ್ ಸಿಕ್ಕರೆ ಪಾರ್ಸರ್ ಸುಮ್ಮನೆ ಬಿಡಬೇಕು.

ಯಾವುದೇ ಕ್ರಮವಾದರೂ ಬೈಟ್ ಕಳೆಯುವುದು ಹೆಚ್ಚಾಗಿ ತಂತಿಯಲ್ಲಲ್ಲ, ಬಫರ್‌ನಲ್ಲಿ. 64 ಬೈಟ್ ಬಫರ್ ಈ ವೇಗದಲ್ಲಿ 5.6 ಮಿಲಿಸೆಕೆಂಡ್‌ಗೆ ತುಂಬುತ್ತದೆ; ಆ ಹೊತ್ತಿನಲ್ಲಿ ಹೋಸ್ಟ್ ಫ್ಲಾಶ್‌ಗೆ ಬರೆಯುತ್ತಿದ್ದರೆ ಉಳಿದದ್ದು ಮಾಯ. ಆರ್‌ಟಿಎಸ್, ಸಿಟಿಎಸ್ (ಬಫರ್ ತುಂಬಿದಾಗ ಎದುರಿನವರನ್ನು ತಡೆಯುವ) ತಂತಿ ಎರಡನ್ನೂ ಹಾಕಿ. 16 ಮೆಗಾಹರ್ಟ್ಸ್ ಎವಿಆರ್ ಮೈಕ್ರೊಕಂಟ್ರೋಲರ್ ಬಳಸುವುದಾದರೆ, ರೇಡಿಯೊ ಒಪ್ಪಿದಲ್ಲಿ 250000 ಬಾಡ್ ಆರಿಸಿಕೊಳ್ಳಿ: ಅಲ್ಲಿ ಗಡಿಯಾರದ ದೋಷ ಶೂನ್ಯ, 115200ರಲ್ಲಿ ಕನಿಷ್ಠ 2.1 ಪ್ರತಿಶತ.